ಮಗಳು ಬಟ್ಟಲಿಟ್ಟು ಅಜ್ಜನನ್ನು ಕರೆದಿದ್ದಾಳೆ. ಪ್ಲಾಂಚೆಟ್ (ಸತ್ತವರನ್ನು ಕರೆಯೋ ಆಟ) ಅನ್ನೋದು ನಿಜಾನಾ?

ಡೊಂಬಿವಲಿ_ಅಪ್ಪ · ಬುಧವಾರ ರಾತ್ರಿ 11:42

ಮುಂಬೈ, ಪುಣೆ ಕಡೆಯ ಕನ್ನಡದವರೇ, ಒಂದು ವಿಷಯ ಕೇಳಬೇಕಿತ್ತು. ದಯವಿಟ್ಟು ನಗಬೇಡಿ, ನಾಲ್ಕು ದಿನದಿಂದ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ.

ಮಗಳು ಹನ್ನೊಂದನೇ ಕ್ಲಾಸ್. ಶನಿವಾರ ಜೋರು ಮಳೆ ಅಂತ ಕಾಲೇಜು ಬೇಗ ಬಿಟ್ಟಿದ್ದಾರೆ. ಮೂರು ಹುಡುಗಿಯರು ಒಬ್ಬಳ ಮನೆಯಲ್ಲಿ ಸೇರಿ ಡ್ರಾಯಿಂಗ್ ಶೀಟಿನ ಮೇಲೆ ಎಬಿಸಿಡಿ ಬರೆದು, ಎರಡು ಮೂಲೆಗೆ ಎಸ್, ನೋ ಅಂತ ಬರೆದು, ನಡುವೆ ಸ್ಟೀಲ್ ಬಟ್ಟಲು ಬೋರಲು ಹಾಕಿ, ಅದರ ಮೇಲೆ ಒಂದೊಂದು ಬೆರಳಿಟ್ಟು ಕೂತಿದ್ದಾರೆ. ಹತ್ತು ನಿಮಿಷ ಏನೂ ಆಗಲಿಲ್ಲವಂತೆ. ಆಮೇಲೆ ಬಟ್ಟಲು ತಾನಾಗಿ ಹೊರಟಿದೆ. ಯಾರು ನೀನು ಅಂದದ್ದಕ್ಕೆ ನನ್ನ ಅಪ್ಪನ ಹೆಸರು ಬಂತು, ಒಂದೊಂದೇ ಅಕ್ಷರ. ಅಪ್ಪ ತೀರಿಕೊಂಡದ್ದು ಈ ಮಾರ್ಚಿನಲ್ಲಿ. ಆ ಹುಡುಗಿಯರಿಗೆ ಅವರ ಹೆಸರು ಗೊತ್ತಿಲ್ಲ, ಅವರಿಗೆಲ್ಲ ಅವರು ಬರೀ ‘ಅಜ್ಜ’. ಏನು ಬೇಕು ಅಂದದ್ದಕ್ಕೆ ಸಿ, ಒ, ಎಂ, ಇ. ‘ಕಮ್.’ ಅಷ್ಟಕ್ಕೆ ಮೂವರೂ ಕಿರುಚಿ ಎದ್ದಿದ್ದಾರೆ.

ಅಜ್ಜ ತನ್ನನ್ನು ಕರೀತಿದ್ದಾರೆ, ತಾನು ಸಾಯ್ತೀನಿ ಅಂತ ಈಗ ಮಗಳ ತಲೆಯಲ್ಲಿ ಕೂತಿದೆ. ಲೈಟ್ ಆರಿಸೋ ಹಾಗಿಲ್ಲ, ಬಾತ್‌ರೂಮಿಗೆ ಒಬ್ಬಳೇ ಹೋಗಲ್ಲ. ನನ್ನ ಹೆಂಡತಿ ಕುಂದಾಪುರ ಕಡೆಯವಳು, ‘ವರ್ಷ ತುಂಬದ ಜೀವವನ್ನು ಕರೆದದ್ದು ತಪ್ಪು’ ಅಂತಾಳೆ. ಅವಳ ಕಡೆಯವರೊಬ್ಬರು ಕಲ್ಯಾಣದಲ್ಲಿ ಯಾರೋ ‘ಬಿಡಿಸೋರು’ ಇದ್ದಾರೆ ಅಂತ ನಂಬರ್ ಕೊಟ್ಟರು. ಫೋನ್ ಮಾಡಿದರೆ 21,000 ಅಂದ.

ನಾನು ಲೆಕ್ಕಪತ್ರದ ಕೆಲಸದವನು. ಇದನ್ನೆಲ್ಲ ನಂಬಿದವನಲ್ಲ. ಆದರೆ ನೀನು ತಳ್ಳಿದೆಯಾ ಅಂತ ಕೇಳಿದರೆ ಮಗಳು ನನ್ನ ತಲೆ ಮುಟ್ಟಿ ಇಲ್ಲ ಅಂದಳು. ಅವಳು ಸುಳ್ಳು ಹೇಳೋ ಹುಡುಗಿ ಅಲ್ಲ. ಹಾಗಾದರೆ ಬಟ್ಟಲನ್ನು ಓಡಿಸಿದ್ದು ಯಾರು?

ಮಾಟುಂಗ_ಮಾಣಿ · 11:50

ಮೊದಲು ಆ ಕಲ್ಯಾಣದವನಿಗೆ ಒಂದು ರೂಪಾಯಿ ಕೊಡಬೇಡಿ. ಉಳಿದದ್ದು ಆಮೇಲೆ ಮಾತಾಡುವ.

ಬೋರಿವಲಿ_ಅಕ್ಕ · 11:58

ಆಟಿ ತಿಂಗಳಲ್ಲಿ (ತುಳುವರ ಮಳೆಗಾಲದ ತಿಂಗಳು) ಇದೆಂಥ ಆಟ ಮಾರಾಯ್ರೆ! ಊರಲ್ಲಿ ಈ ತಿಂಗಳು ಹಿರಿಯರಿಗೆ ಎಲೆ ಹಾಕಿ ಬಡಿಸುವ ಕ್ರಮ ಉಂಟು. ಮದುವೆ ಆಗದೆ ಸತ್ತವರಿಗೆ ಮದುವೆ ಮಾಡಿಸುವುದೂ ಉಂಟು. ನಾವು ಸತ್ತವರನ್ನು ಮರೆತವರಲ್ಲ. ಆದರೆ ಅದಕ್ಕೆ ದಿನ ಉಂಟು, ಜಾಗ ಉಂಟು, ಹಿರಿಯರು ಎದುರಿಗೆ ಇರ್ತಾರೆ. ಬಡಿಸಿದ ಮೇಲೆ ಬಾಗಿಲು ಎಳೆದು ಹೊರಗೆ ಬರುವುದು ಯಾಕೆ? ಅವರದ್ದು ಅವರಿಗೆ, ನಮ್ಮದು ನಮಗೆ ಅಂತ. ಬಟ್ಟಲಿಟ್ಟು ‘ಯಾರಾದರೂ ಬನ್ನಿ’ ಅಂತ ಕರೆದರೆ ಯಾರು ಬರ್ತಾರೆ ಅಂತ ಯಾರಿಗೆ ಗೊತ್ತು? ಹೆದರಿಕೆ ಇರುವುದು ಅಲ್ಲಿ.

ಡೊಂಬಿವಲಿ ಅಣ್ಣ, ನಿಮ್ಮ ಹೆಂಡತಿಯನ್ನು ಬೈಯಬೇಡಿ. ಅವರು ಹೇಳುವುದಕ್ಕೆ ಅರ್ಥ ಉಂಟು.

ಪುಣೆ_ಮೇಷ್ಟ್ರು · ಗುರುವಾರ ಬೆಳಿಗ್ಗೆ 6:35

ನಾನು ಭೌತಶಾಸ್ತ್ರ ಪಾಠ ಮಾಡುವವನು. ಡೊಂಬಿವಲಿಯವರೇ, ನಿಮ್ಮ ಮಗಳು ಸುಳ್ಳು ಹೇಳಿಲ್ಲ. ಬಟ್ಟಲನ್ನು ತಳ್ಳಿದ್ದೂ ಅವಳೇ. ಈ ಎರಡೂ ಒಟ್ಟಿಗೆ ನಿಜವಾಗಿರಬಹುದು, ಅದೇ ಇದರ ಗುಟ್ಟು.

1853ರಲ್ಲಿ ಇಂಗ್ಲೆಂಡಿನಲ್ಲಿ ಮೇಜು ತಿರುಗಿಸುವ ಹುಚ್ಚು ಹಬ್ಬಿತ್ತು. ನಾಲ್ಕಾರು ಜನ ಮೇಜಿನ ಮೇಲೆ ಕೈಯಿಟ್ಟು ಕೂತರೆ ಮೇಜು ತಾನಾಗಿ ಸುತ್ತುತ್ತಿತ್ತು. ಆತ್ಮ ಅಂದರು ಕೆಲವರು, ವಿದ್ಯುತ್ತು ಅಂದರು ಇನ್ನು ಕೆಲವರು. ಮೈಕೆಲ್ ಫ್ಯಾರಡೆ ಕೂತು ಪರೀಕ್ಷೆ ಮಾಡಿದ. ಕೈಗೂ ಮೇಜಿಗೂ ನಡುವೆ ಕಾರ್ಡುಗಳನ್ನು ಪದರಪದರವಾಗಿ ಮೆತ್ತನೆಯ ಅಂಟಿನಿಂದ ಹಿಡಿಸಿದ. ಮೇಜು ಮೊದಲು ಹೊರಟು ಕೈಯನ್ನು ಎಳೆದಿದ್ದರೆ ಕೆಳಗಿನ ಕಾರ್ಡು ಮುಂದೆ ಹೋಗಿರಬೇಕು. ಆದರೆ ಮುಂದೆ ಹೋಗಿದ್ದು ಮೇಲಿನ ಕಾರ್ಡು. ಅಂದರೆ ಕೈ ಮೊದಲು, ಮೇಜು ಆಮೇಲೆ. ಮುಂದೆ ಒಂದು ಸಣ್ಣ ಕಡ್ಡಿ ಜೋಡಿಸಿ, ಕೈ ಒಂಚೂರು ಪಕ್ಕಕ್ಕೆ ಜರುಗಿದರೂ ಕಡ್ಡಿ ವಾಲುವ ಹಾಗೆ ಮಾಡಿದ. ಕೂತವರಿಗೆ ಕಡ್ಡಿ ಕಾಣದಂತೆ ಇಟ್ಟರೆ ಮೇಜು ತಿರುಗುತ್ತಿತ್ತು. ಕಾಣುವಂತೆ ಇಟ್ಟಾಗ ಮೇಜು ನಿಂತೇ ಹೋಯಿತು.

ಅವರ್ಯಾರೂ ಮೋಸಗಾರರಲ್ಲ, ಅದನ್ನು ಫ್ಯಾರಡೆಯೇ ಹೇಳಿದ. ಮನಸ್ಸು ಒಂದನ್ನು ನಿರೀಕ್ಷಿಸಿದಾಗ ನಮಗೇ ತಿಳಿಯದೆ ಸ್ನಾಯು ಸಣ್ಣದಾಗಿ ಅತ್ತ ಜಗ್ಗುತ್ತದೆ. 1852ರಲ್ಲೇ ವಿಲಿಯಂ ಕಾರ್ಪೆಂಟರ್ ಅನ್ನುವ ವೈದ್ಯ ಇದಕ್ಕೆ ಐಡಿಯೋಮೋಟರ್ ಅಂತ ಹೆಸರಿಟ್ಟಿದ್ದ. ದಾರಕ್ಕೆ ಉಂಗುರ ಕಟ್ಟಿ ಹಿಡಿದು, ಕೈ ಅಲ್ಲಾಡಿಸದೆ, ‘ಸುತ್ತು’ ಅಂತ ಮನಸ್ಸಿನಲ್ಲೇ ಅಂದುಕೊಳ್ಳಿ. ಸುತ್ತುತ್ತದೆ. ಮನೆಯಲ್ಲಿ ಮಗಳ ಕೈಯಲ್ಲೇ ಮಾಡಿಸಿ ನೋಡಿ.

ಪ್ರತ್ಯಕ್ಷ_ಕಂಡವ · 8:10

ಮೇಷ್ಟ್ರೇ, ಪುಸ್ತಕದ ಬದನೆಕಾಯಿ ಬೇಡ. ನಾನು ಕಣ್ಣಾರೆ ಕಂಡವನು. ನಮ್ಮ ದೊಡ್ಡಪ್ಪ ಹೋದಮೇಲೆ ಚಾಳಿನ ಖೋಲಿಯ (ಕೋಣೆಯ) ಪಾವತಿ ರಸೀದಿ ಸಿಗಲಿಲ್ಲ. ಠಾಣೆಯಲ್ಲಿ ಪರಿಚಯದವರ ಮನೆಯಲ್ಲಿ ನಾಣ್ಯ ಇಟ್ಟು ಕೇಳಿದೆವು. ಟಿ, ಆರ್, ಯು ಅಂತ ಬಂತು. ಟ್ರಂಕ್! ಅಟ್ಟದ ಮೇಲಿನ ಹಳೇ ಟ್ರಂಕಿನಲ್ಲಿ, ಅಡಿಗೆ ಹಾಸಿದ ಪೇಪರ್ ಕೆಳಗೆ ಸಿಕ್ಕಿತು. ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಇದಕ್ಕೆ ನಿಮ್ಮ ಸ್ನಾಯು ಏನು ಹೇಳುತ್ತದೆ?

ಧಾರವಾಡದಾಕಿ · 8:31

ನಾಣ್ಯದ ಮ್ಯಾಲೆ ಬೆರಳಿಟ್ಟವರೊಳಗ ದೊಡ್ಡಮ್ಮ ಇದ್ದರೇನು?

ಪ್ರತ್ಯಕ್ಷ_ಕಂಡವ · 8:34

ಇದ್ದರು. ಆದರೆ ಅವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಆರು ತಿಂಗಳು ಹುಡುಕುತ್ತಿದ್ದರಾ?

ಪುಣೆ_ಮೇಷ್ಟ್ರು · 9:05

ಒಳ್ಳೆಯ ಪ್ರಶ್ನೆ, ಇದಕ್ಕೂ ಉತ್ತರ ಇದೆ. 2012ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಮಾಡಿದರು. ಮೊದಲು ಜನರಿಗೆ ಹೌದು-ಅಲ್ಲ ಮಾದರಿಯ ಸಾಮಾನ್ಯ ಜ್ಞಾನದ ಪ್ರಶ್ನೆ ಕೊಟ್ಟು, ಯಾವುದು ಗೊತ್ತು, ಯಾವುದು ಬರೀ ಊಹೆ ಅಂತ ಅವರಿಂದಲೇ ಹೇಳಿಸಿದರು. ಆಮೇಲೆ ಅದೇ ರೀತಿಯ ಪ್ರಶ್ನೆಗೆ ಕಣ್ಣುಕಟ್ಟಿ, ಈ ಬಟ್ಟಲಾಟದಂಥದ್ದೇ ಊಯಿಜಾ ಹಲಗೆಯ ಮೇಲೆ ಉತ್ತರ ಕೇಳಿದರು. ಎದುರಿಗೊಬ್ಬ ಜೊತೆಗಾರ ಕೂತಿದ್ದ, ಕಣ್ಣು ಕಟ್ಟಿದ ಕೂಡಲೇ ಅವನು ಸದ್ದಿಲ್ಲದೆ ಕೈ ತೆಗೆಯುತ್ತಿದ್ದ. ಅಂದರೆ ಹಲಗೆಯನ್ನು ಓಡಿಸಿದ್ದು ಆ ಒಬ್ಬರೇ, ಆದರೆ ಅವರಿಗೆ ಅದು ಗೊತ್ತಿಲ್ಲ. ‘ಬರೀ ಊಹೆ’ ಅಂದ ಪ್ರಶ್ನೆಗಳಿಗೆ ಬಾಯಲ್ಲಿ ಹೇಳಿದಾಗ ಅರ್ಧದಷ್ಟು ಸರಿ ಬಂದರೆ ಹಲಗೆಯಲ್ಲಿ ಶೇಕಡಾ 65ರಷ್ಟು ಸರಿ ಬಂತು.

ನಿಮ್ಮ ದೊಡ್ಡಮ್ಮ ಎಂದೋ ಒಂದು ದಿನ ದೊಡ್ಡಪ್ಪ ಟ್ರಂಕ್ ತೆರೆದದ್ದನ್ನು ಬಾಗಿಲಲ್ಲಿ ನಿಂತು ನೋಡಿರಬಹುದು. ನೆನಪಿನ ಮೇಲ್ಪದರದಲ್ಲಿ ಇಲ್ಲದ್ದು ಬೆರಳಿಗೆ ಬಂದಿರಬಹುದು.

ಪ್ರತ್ಯಕ್ಷ_ಕಂಡವ · 9:12

‘ಇರಬಹುದು, ಬಂದಿರಬಹುದು.’ ದೊಡ್ಡಪ್ಪನೇ ಬಂದು ಹೇಳಿರಬಹುದು ಅಂತ ನಾನಂದರೆ ಮಾತ್ರ ಮೂಢನಂಬಿಕೆ! ಆ ದಿನ ದೊಡ್ಡಮ್ಮ ಅತ್ತದ್ದನ್ನು ನೀವು ನೋಡಿದ್ದರೆ ಹೀಗೆ ಮಾತಾಡುತ್ತಿರಲಿಲ್ಲ.

ಧಾರವಾಡದಾಕಿ · 9:40

ದೊಡ್ಡಮ್ಮನ ಅಳು ಖರೇನ ಐತಿ, ಅದನ್ಯಾರೂ ಅಲ್ಲ ಅನ್ನಂಗಿಲ್ರಿ. ನಂದೊಂದು ಹೇಳ್ತೀನಿ ಕೇಳ್ರಿ.

ಪುಣೆದಾಗ ಹಾಸ್ಟೆಲ್‌ನ್ಯಾಗ ಇದ್ದಾಗ ನಾವು ಆರು ಮಂದಿ ಕೂತು ನಾರಾಯಣರಾವ್ ಪೇಶ್ವೆನ ಕರದ್ವಿ. ಪೇಶ್ವೆರ ಹಳೇ ಅರಮನಿ ಶನಿವಾರವಾಡಾದಾಗ ಹುಣ್ಣಿವಿ ರಾತ್ರಿ ‘ಕಾಕಾ ಮಲಾ ವಾಚವಾ’ (ಕಾಕಾ, ನನ್ನ ಉಳಸು) ಅಂತ ಕೂಗು ಕೇಳಿಸ್ತದ ಅಂತ ಪುಣೆದಾಗ ಯಾರನ್ನ ಕೇಳಿದ್ರೂ ಹೇಳ್ತಾರ. ಬಂದ ನೋಡ್ರಿ ಪೇಶ್ವೆ! ಬಟ್ಟಲಾ ಗರಗರ ತಿರಗ್ತು. ಯಾವ ವರ್ಷ ಸತ್ತಿ ಅಂತ ಕೇಳಿದ್ವಿ. 1818 ಅಂತ ಬಂತು. ಮೈಯೆಲ್ಲಾ ಜುಮ್ ಅಂತು. ಎರಡು ದಿನ ಬಿಟ್ಟು ಲೈಬ್ರರಿಯೊಳಗ ತಗದು ನೋಡಿದರ ಅವನ ಕೊಲಿ ಆಗಿದ್ದು 1773ರ ಆಗಸ್ಟ್ 30ಕ್ಕ. 1818 ಅಂದ್ರ ಪೇಶ್ವೆರ ರಾಜ್ಯನ ಮುಗದ ವರ್ಷ. ಸಾಲಿ ಪುಸ್ತಕದೊಳಗ ನಾವೆಲ್ಲಾ ಬಾಯಿಪಾಠ ಮಾಡಿದ್ದ ಇಸವಿ ಅದು. ಸತ್ತಾಂವಗ ತನ್ನ ಸಾವಿನ ವರ್ಷ ಗೊತ್ತಿಲ್ಲ, ನಮಗ ಗೊತ್ತಿದ್ದ ವರ್ಷ ಅಷ್ಟ ಗೊತ್ತೈತಿ!

ಅದಕ್ಕ ನಾ ಕೇಳೋದು ಒಂದ. ಬೆರಳಿಟ್ಟ ಯಾರಿಗೂ ಗೊತ್ತಿಲ್ಲದ್ದು ಯಾವಾಗಾದ್ರೂ ಬಂದೈತೇನು?

ಹಳೇ_ಪೇಪರ್ · 11:20

ಇದು ಈಜಿಪ್ಟಿನ ಪುರಾತನ ವಿದ್ಯೆ ಅಂತ ನನ್ನ ಆಫೀಸಿನಲ್ಲಿ ಒಬ್ಬರು ವಾದ ಮಾಡುತ್ತಿದ್ದರು, ಅದಕ್ಕೆ ಇತಿಹಾಸ ಸ್ವಲ್ಪ ಹೇಳುತ್ತೇನೆ. ಉದ್ದ ಆದರೆ ಕ್ಷಮಿಸಿ.

1848ರಲ್ಲಿ ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್ ಅನ್ನುವ ಹಳ್ಳಿಯಲ್ಲಿ ಫಾಕ್ಸ್ ಮನೆತನದ ಇಬ್ಬರು ಹುಡುಗಿಯರು ‘ಸತ್ತವನೊಬ್ಬ ಟಕಟಕ ಸದ್ದು ಮಾಡಿ ಉತ್ತರ ಹೇಳುತ್ತಾನೆ’ ಅಂದರು. ಅಲ್ಲಿಂದ ಅಮೆರಿಕ, ಯುರೋಪಿನಲ್ಲೆಲ್ಲ ಸತ್ತವರ ಜೊತೆ ಮಾತಾಡುವ ಗೀಳು. 1888ರಲ್ಲಿ ಅವರಲ್ಲೊಬ್ಬಳು, ಮಾರ್ಗರೆಟ್, ನ್ಯೂಯಾರ್ಕಿನ ರಂಗದ ಮೇಲೆ ನಿಂತು ಆ ಸದ್ದು ತನ್ನ ಕಾಲ್ಬೆರಳ ಗೆಣ್ಣಿನದ್ದು ಅಂತ ಎಲ್ಲರೆದುರು ಮಾಡಿಯೇ ತೋರಿಸಿದಳು. ಮರುವರ್ಷ ಆ ಮಾತನ್ನು ಹಿಂತೆಗೆದುಕೊಂಡಳು, ಅದೂ ನಿಜ.

ಪ್ಲಾಂಚೆಟ್ ಅಂದರೆ ಫ್ರೆಂಚಿನಲ್ಲಿ ಸಣ್ಣ ಹಲಗೆ. ಮೂಲದಲ್ಲಿ ಅದು ಗಾಲಿ ಇದ್ದ, ಪೆನ್ಸಿಲ್ ಸಿಕ್ಕಿಸಿದ ಪುಟ್ಟ ಹಲಗೆ, ಕಾಗದದ ಮೇಲೆ ಬರೆಯುತ್ತಿತ್ತು. ಅಕ್ಷರ ಬರೆದ ಊಯಿಜಾ ಹಲಗೆಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1891ರ ಫೆಬ್ರವರಿ 10ರಂದು, ಬಾಲ್ಟಿಮೋರಿನ ಎಲೈಜಾ ಬಾಂಡ್ ಹೆಸರಿನಲ್ಲಿ. ಅದು ಮಾರಾಟಕ್ಕಿದ್ದ ಆಟದ ಸಾಮಾನು, ನಮ್ಮ ಕೇರಂ ಬೋರ್ಡಿನ ಹಾಗೆ. 1920ರಲ್ಲಿ ಅಲ್ಲಿನ ಹೆಸರಾಂತ ವಾರಪತ್ರಿಕೆಯೊಂದರ ಮುಖಪುಟದಲ್ಲಿ ಗಂಡುಹೆಣ್ಣು ಮೊಣಕಾಲಿಗೆ ಮೊಣಕಾಲು ತಾಗಿಸಿ ಊಯಿಜಾ ಆಡುವ ಚಿತ್ರ ಬಂದಿತ್ತು. ಹೆದರಿಕೆಯ ಸುಳಿವೇ ಇಲ್ಲ! 1966ರಲ್ಲಿ ಮಕ್ಕಳ ಆಟಿಕೆಯ ಕಂಪನಿ ಪಾರ್ಕರ್ ಬ್ರದರ್ಸ್ ಅದನ್ನು ಕೊಂಡುಕೊಂಡಿತು.

ಹೆದರಿಕೆ ಊರೆಲ್ಲ ಹಬ್ಬಿದ್ದು 1973ರ ‘ದಿ ಎಕ್ಸಾರ್ಸಿಸ್ಟ್’ ಸಿನಿಮಾ ಬಂದಮೇಲೆ. ಅದರಲ್ಲಿ ಹುಡುಗಿ ಒಬ್ಬಳೇ ಹಲಗೆ ಇಟ್ಟುಕೊಂಡು ಆಡುತ್ತಾಳೆ, ಮುಂದೆ ಅವಳ ಮೈಮೇಲೆ ಪಿಶಾಚಿ ಬರುತ್ತದೆ. ನಾವು ಇವತ್ತು ಹೆದರುತ್ತಿರುವುದರಲ್ಲಿ ಹೆಚ್ಚಿನ ಪಾಲು ಆ ಸಿನಿಮಾದ ಮರಿಮೊಮ್ಮಕ್ಕಳಿಗೆ.

ವಾಸ್ಕೊ_ವಾಸಿ · 12:02

ಹಳೇ ಪೇಪರ್ ಅವರೇ, ಒಂದು ತಿದ್ದುಪಡಿ. ಸಿನಿಮಾಕ್ಕಿಂತ ಎಷ್ಟೋ ಮೊದಲೇ ಸತ್ತವರನ್ನು ಕರೆಯಬಾರದು ಅಂತ ಕ್ರೈಸ್ತರ ಧರ್ಮಗ್ರಂಥದಲ್ಲೇ ಇದೆ. ಗೋವಾದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಮೊಮ್ಮಕ್ಕಳ ಕೈಯಲ್ಲಿ ಬಟ್ಟಲು ಕಂಡದ್ದೇ ಕಿತ್ತುಕೊಂಡು ಜಪಮಾಲೆ ಕೊಟ್ಟರು. ಅವರು ಆ ಸಿನಿಮಾ ನೋಡಿದವರಲ್ಲ.

ಇನ್ನೊಂದು ನೋಡಿ. ಇದೇ ಗೋವಾದಲ್ಲಿ ದೇವಸ್ಥಾನದಲ್ಲಿ ಕೌಲ ಕೇಳುತ್ತಾರೆ. ಮೂರ್ತಿಗೆ ಹೂವಿನ ಎಸಳು ಅಂಟಿಸಿ, ಬಲಕ್ಕೆ ಬಿದ್ದರೆ ಒಂದು, ಎಡಕ್ಕೆ ಬಿದ್ದರೆ ಒಂದು ಉತ್ತರ. ಮದುವೆ, ಜಮೀನು, ಕಾಯಿಲೆ, ಎಲ್ಲಕ್ಕೂ. ಅದಕ್ಕೆ ಯಾರೂ ಹೆದರಲ್ಲ. ಕೇಳೋದು ದೇವರನ್ನು, ಭಟ್ಟರಿದ್ದಾರೆ, ಹಗಲು ಹೊತ್ತು. ಬಟ್ಟಲಿಗೆ ರಾತ್ರಿ, ಕ್ಯಾಂಡಲ್, ಬಾಗಿಲು ಮುಚ್ಚಿದ ರೂಮು. ಅರ್ಧ ಹೆದರಿಕೆ ಆ ಕತ್ತಲೆಯದ್ದೇ ಅಂತ ನನಗನ್ನಿಸುತ್ತದೆ.

ಬೋರಿವಲಿ_ಅಕ್ಕ · 12:30

ವಾಸ್ಕೊದವರು ಹೇಳಿದ್ದು ಸರಿ. ಆದರೆ ನಾಳೆ ಯಾರಾದರೂ ನಮ್ಮ ದೈವದ ನುಡಿಯನ್ನೂ ಇದೇ ಚೀಲಕ್ಕೆ ತುಂಬಿಸುತ್ತೀರಿ, ಅದಕ್ಕೆ ಈಗಲೇ ಹೇಳ್ತೇನೆ. ದೈವ ಬೇರೆ, ದೆವ್ವ ಬೇರೆ. ಕೋಲ ಕಟ್ಟುವವರು ವ್ರತ ಹಿಡಿದು, ಮುಖಕ್ಕೆ ಬಣ್ಣ ಹಚ್ಚಿ, ಇಡೀ ಊರಿನ ಎದುರು ನಿಂತು ನುಡಿ ಕೊಡುವುದು. ಸಾವಿರ ಜನರ ನ್ಯಾಯ ಅಲ್ಲಿ ತೀರ್ಮಾನ ಆಗ್ತದೆ. ಅದಕ್ಕೂ ಮೂರು ಮಕ್ಕಳ ಬಟ್ಟಲಿಗೂ ಹೋಲಿಕೆ ಮಾಡಬೇಡಿ.

ಮಾಟುಂಗ_ಮಾಣಿ · 12:41

ಯಾರೂ ಹೋಲಿಸಿಲ್ಲ ಅಕ್ಕ. ನಾನು ಒಂದು ವಿಷಯ ಹೇಳಬೇಕು. ಇಪ್ಪತ್ತೆಂಟು ವರ್ಷ ಯಾರಿಗೂ ಹೇಳಿರಲಿಲ್ಲ, ಒಬ್ಬನಿಗೆ ಬಿಟ್ಟು.

ನಾವು ಹೋಟೆಲಿನ ಮೇಲಿನ ಮಾಳಿಗೆಯಲ್ಲಿ ಮಲಗುತ್ತಿದ್ದ ಎಂಟು ಹುಡುಗರು. ಒಂದು ರಾತ್ರಿ ನಾಣ್ಯ ಇಟ್ಟು ಆಡಿದೆವು. ನಾನೇ ತಳ್ಳಿದೆ, ಬೇಕಂತಲೇ. ನಮ್ಮಲ್ಲೊಬ್ಬ ಊರಿನಿಂದ ಹೊಸದಾಗಿ ಬಂದವನು, ಹದಿನೈದು ವರ್ಷ. ಅವನ ತಾಯಿಗೆ ಹುಷಾರಿಲ್ಲ ಅಂತ ಬರುವ ಹಾಗೆ ತಳ್ಳಿದೆ. ಆಗ ಮೊಬೈಲ್ ಎಲ್ಲಿ? ಅವನು ರಾತ್ರಿಯಿಡೀ ಅತ್ತ. ಬೆಳಿಗ್ಗೆ ಎದ್ದು ನೋಡಿದರೆ ಇಲ್ಲ, ಸಂಬಳವೂ ತೆಗೆದುಕೊಳ್ಳದೆ ಊರಿನ ಬಸ್ಸು ಹತ್ತಿದ್ದ. ತಾಯಿ ಚೆನ್ನಾಗಿಯೇ ಇದ್ದರು. ಆದರೆ ಅವನು ಮತ್ತೆ ಮುಂಬೈಗೆ ಬರಲಿಲ್ಲ. ರಾತ್ರಿ ಶಾಲೆಯಲ್ಲಿ ಅವನೇ ನಮ್ಮಲ್ಲಿ ಚುರುಕು, ಮುಂದೆ ಓದುತ್ತಿದ್ದ. ಹತ್ತು ವರ್ಷ ಕಳೆದು ಊರಿಗೆ ಹೋಗಿ ಅವನ ಎದುರು ಕೂತು ಹೇಳಿದೆ. ‘ಹೋಗಲಿ ಬಿಡು’ ಅಂದ. ಆ ‘ಬಿಡು’ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಆತ್ಮ ಬರುತ್ತದೋ ಇಲ್ಲವೋ, ಆ ಹಲಗೆ ಹೇಳಿದ್ದನ್ನು ನಂಬಿದವನ ಜೀವನ ಮಾತ್ರ ನಿಜವಾಗಿ ತಿರುಗುತ್ತದೆ.

ರಾತ್ರಿಪಾಳಿ · 1:15

ಮಾಣಿಯವರೇ, ಹೇಳಿದ್ದು ಒಳ್ಳೆಯದಾಯಿತು.

ನಾನು ನರ್ಸ್, ಮಾನಸಿಕ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಡೊಂಬಿವಲಿಯವರೇ, ನಾಲ್ಕು ದಿನ ನಿದ್ದೆಗೆಟ್ಟರೆ ದೊಡ್ಡವರಿಗೇ ಇಲ್ಲದ್ದು ಕಾಣಿಸುತ್ತದೆ, ಕೇಳಿಸುತ್ತದೆ. ಮೊದಲು ನಿದ್ದೆ. ಲೈಟ್ ಬೇಕೆಂದರೆ ಹಾಕಿಡಿ, ಜೊತೆಗೆ ಮಲಗಿ. ‘ಅದೆಲ್ಲ ಸುಳ್ಳು, ಸುಮ್ಮನಿರು’ ಅನ್ನಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಸಾಯುವ ಮಾತು ಮತ್ತೆ ಮತ್ತೆ ಬಂದರೆ, ಊಟ ಬಿಟ್ಟರೆ, ಕಾಯದೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಇನ್ನೊಂದು. ‘ಕಮ್’ ಅಂದರೆ ‘ನನ್ನ ಜೊತೆ ಸಾಯಲು ಬಾ’ ಅಂತ ಯಾರು ಅರ್ಥ ಮಾಡಿದ್ದು? ಅವಳೇ? ಅಜ್ಜ ಹೋದಾಗ ಅವಳು ಎಲ್ಲಿದ್ದಳು?

ಕೋರ್ಟ್_ಕಟ್ಟೆ · 2:20

ಕಲ್ಯಾಣದವನ ವಿಚಾರಕ್ಕೆ. ಮಹಾರಾಷ್ಟ್ರದಲ್ಲಿ 2013ರ ಕಾನೂನಿದೆ, ಮಾಟಮಂತ್ರ, ಅಘೋರಿ ಪದ್ಧತಿಗಳ ವಿರುದ್ಧದ್ದು. ಭೂತ ಬಿಡಿಸುತ್ತೇನೆ ಅಂತ ಕಟ್ಟಿಹಾಕಿ ಹೊಡೆಯುವುದು, ಭೂತ ಕರೆಸುತ್ತೇನೆ ಅಂತ ಹೆದರಿಸುವುದು ಅಪರಾಧ. 6 ತಿಂಗಳಿಂದ 7 ವರ್ಷದವರೆಗೆ ಜೈಲು, 5,000ದಿಂದ 50,000ದವರೆಗೆ ದಂಡ. ಮನೆಯ ಪೂಜೆ, ಶ್ರಾದ್ಧ, ಎಲೆ ಹಾಕುವುದು ಇದರಲ್ಲಿ ಬರುವುದಿಲ್ಲ, ಅಕ್ಕನವರು ಚಿಂತೆ ಮಾಡಬೇಕಿಲ್ಲ. ಕರ್ನಾಟಕದಲ್ಲೂ ಇಂಥದ್ದೇ ಕಾನೂನು 2020ರ ಜನವರಿಯಿಂದ ಜಾರಿಯಲ್ಲಿದೆ.

ಈ ಕಾನೂನಿಗಾಗಿ ವರ್ಷಗಟ್ಟಲೆ ಓಡಾಡಿದ ಡಾ. ನರೇಂದ್ರ ದಾಭೋಲ್ಕರರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಬೆಳಗಿನ ವಾಕಿಂಗ್ ಹೊತ್ತಿಗೆ ಗುಂಡಿಟ್ಟು ಕೊಂದರು. ಸುಗ್ರೀವಾಜ್ಞೆ ಹೊರಬಂದದ್ದು ಅದಾದ ಕೆಲವೇ ದಿನಕ್ಕೆ. 21,000 ಕೊಡುವ ಮೊದಲು ಒಂದು ಸಲ ಅವರನ್ನು ನೆನೆಯಿರಿ.

ಹಳೇ_ಪೇಪರ್ · 3:00

ಮಾಟುಂಗದವರು ರಾತ್ರಿ ಶಾಲೆ ಅಂದದ್ದು ಓದಿ ಮನಸ್ಸು ಎಲ್ಲಿಗೋ ಹೋಯಿತು. ನನ್ನ ಮಾವನೂ ಫೋರ್ಟಿನ ಕನ್ನಡ ರಾತ್ರಿ ಶಾಲೆಯವರೇ. ಹಗಲೆಲ್ಲ ಕಪ್ಪು ಬಸಿ ತೊಳೆದು, ಸಂಜೆ ಕೈಯಲ್ಲಿ ಸಾಬೂನಿನ ವಾಸನೆ ಇಟ್ಟುಕೊಂಡೇ ಬೆಂಚಿನ ಮೇಲೆ ಕೂರುತ್ತಿದ್ದರಂತೆ. ಎಷ್ಟು ಜನ ಅಲ್ಲಿ ಅಕ್ಷರ ಕಲಿತರು! ಈಗ ಆ ಶಾಲೆಗಳಲ್ಲಿ ಎಷ್ಟು ಉಳಿದಿವೆ?

ಡೊಂಬಿವಲಿ_ಅಪ್ಪ · 3:26

ನಮ್ಮಪ್ಪನೂ ರಾತ್ರಿ ಶಾಲೆಯವರೇ. ನಾಲ್ಕನೇ ಕ್ಲಾಸಿನವರೆಗೆ ಊರಲ್ಲಿ, ಏಳರವರೆಗೆ ಇಲ್ಲಿ. ಸಹಿ ಕೂಡ ಕನ್ನಡದಲ್ಲೇ ಹಾಕುತ್ತಿದ್ದರು, ಬ್ಯಾಂಕಿನವರು ಗೊಣಗಿದರೂ ಬಿಡಲಿಲ್ಲ. ಇಂಗ್ಲಿಷ್ ಅಕ್ಷರ ಅವರಿಗೆ ಕೊನೆಗೂ ಹಿಡಿತಕ್ಕೆ ಬರಲಿಲ್ಲ, ಲೋಕಲ್ ಟ್ರೇನಿನ ಬೋರ್ಡನ್ನು ಮರಾಠಿಯಲ್ಲೇ ಓದುತ್ತಿದ್ದರು.

ಧಾರವಾಡದಾಕಿ · 3:29

ಒಂದ ನಿಮಿಷ ನಿಲ್ರಿ.

ಹಂಗಿದ್ರ ಬಟ್ಟಲದಾಗ ಎಬಿಸಿಡಿ ಹಿಡದು ಹೆಸರು ಬರದವರು ಯಾರು?

ಪ್ರತ್ಯಕ್ಷ_ಕಂಡವ · 3:41

ದೇಹ ಬಿಟ್ಟ ಮೇಲೆ ಭಾಷೆಯ ಕಟ್ಟು ಇರಲ್ಲ. ಆತ್ಮಕ್ಕೆ ಎಲ್ಲ ಭಾಷೆ ಬರುತ್ತದೆ.

ಧಾರವಾಡದಾಕಿ · 3:44

ಎಲ್ಲಾ ಭಾಷಾ ಬರೂ ಆತ್ಮ ಮೊಮ್ಮಗಳಿಗೆ ‘ಬಾ ಮಗಾ’ ಅನ್ನೂದು ಬಿಟ್ಟು ‘ಕಮ್’ ಅಂತದೇನ್ರಿ? ಅಜ್ಜಾರು ಬದುಕಿದ್ದಾಗ ಎಂದರೆ ಹಂಗ ಕರದಿದ್ರೇನು?

ಪುಣೆ_ಮೇಷ್ಟ್ರು · 4:10

ಡೊಂಬಿವಲಿಯವರೇ, ಹೆಸರಿನ ಸ್ಪೆಲಿಂಗ್ ಒಮ್ಮೆ ಕೇಳಿ ನೋಡಿ. ಕನ್ನಡದ ಹೆಸರನ್ನು ಇಂಗ್ಲಿಷಿನಲ್ಲಿ ಮನೆಮಂದಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ.

ಇನ್ನೂ ಒಂದು ಪರೀಕ್ಷೆ ಇದೆ. ಅಕ್ಷರಗಳನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು, ಬೋರಲು ಹಾಕಿ, ಕಲಸಿ, ಸುತ್ತ ಇಡಿ. ಎಲ್ಲಿ ಯಾವ ಅಕ್ಷರ ಅಂತ ಬೆರಳಿಟ್ಟವರಿಗೆ ಕಾಣಬಾರದು. ಆತ್ಮಕ್ಕೆ ಚೀಟಿಯ ಹಿಂಬದಿ ಕಾಣಲೇಬೇಕಲ್ಲ? ಮಾಡುವುದಾದರೆ ಹಗಲು ಹೊತ್ತು, ಕಿಟಕಿ ತೆರೆದು, ನೀವು ಜೊತೆಗಿದ್ದು ಮಾಡಿ. ಅವಳಿಗೆ ಇಷ್ಟವಿದ್ದರೆ ಮಾತ್ರ.

2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರು ಇಬ್ಬಿಬ್ಬರನ್ನು ಊಯಿಜಾ ಹಲಗೆಗೆ ಕೂರಿಸಿ ಅವರ ಕಣ್ಣಿನ ಚಲನೆ ಅಳೆದಿದ್ದರು. ಒಬ್ಬೊಬ್ಬರನ್ನೇ ನೋಡಿದರೆ ಮುಂದಿನ ಅಕ್ಷರದ ಅಂದಾಜು ಅಷ್ಟಾಗಿ ಇದ್ದಂತೆ ಕಾಣಲಿಲ್ಲ. ಇಬ್ಬರನ್ನೂ ಸೇರಿಸಿ ನೋಡಿದಾಗ ಎಷ್ಟೋ ಸಲ ಇಬ್ಬರಲ್ಲಿ ಯಾರಾದರೊಬ್ಬರ ಕಣ್ಣು ಆ ಅಕ್ಷರದ ಮೇಲೆ ಮೊದಲೇ ಹೋಗಿರುತ್ತಿತ್ತು. ಮೂವರು ಸೇರಿ ಒಂದು ಪದ ಕಟ್ಟುತ್ತಾರೆ, ಕಟ್ಟಿದೆ ಅಂತ ಒಬ್ಬರಿಗೂ ಅನ್ನಿಸುವುದಿಲ್ಲ. ಸಿ, ಒ, ಎಂ ಬಂದಮೇಲೆ ಇ ಬರದೆ ಇನ್ನೇನು?

ಬೋರಿವಲಿ_ಅಕ್ಕ · 4:25

ಮೇಷ್ಟ್ರೇ, ಹೆದರಿದ ಹುಡುಗಿಯನ್ನು ಮತ್ತೆ ಅದಕ್ಕೇ ಕೂರಿಸುವುದಾ? ನನಗೆ ಒಪ್ಪಿಗೆ ಇಲ್ಲ.

ರಾತ್ರಿಪಾಳಿ · 4:50

ಅಕ್ಕ ಹೇಳಿದ್ದರಲ್ಲಿ ಹುರುಳಿದೆ. ಒತ್ತಾಯ ಬೇಡವೇ ಬೇಡ. ಮೊದಲು ಎರಡು ರಾತ್ರಿ ನಿದ್ದೆ ಮಾಡಲಿ.

ವಾಸ್ಕೊ_ವಾಸಿ · ಶುಕ್ರವಾರ ಬೆಳಿಗ್ಗೆ 10:15

ನನ್ನ ಬಂಗಾಳಿ ಸಹೋದ್ಯೋಗಿಗೆ ಈ ಚರ್ಚೆ ಹೇಳಿದೆ. 1929ರಲ್ಲಿ ರವೀಂದ್ರನಾಥ ಠಾಕೂರರೇ ಪ್ಲಾಂಚೆಟ್‌ಗೆ ಕೂತಿದ್ದರು ಅಂದ. ಹುಡುಕಿ ನೋಡಿದೆ, ನಿಜ. 1902ರಲ್ಲಿ ಹೆಂಡತಿ, ಮರುವರ್ಷ ಮಗಳು, 1907ರಲ್ಲಿ ಚಿಕ್ಕ ಮಗ, ಹೀಗೆ ಒಬ್ಬೊಬ್ಬರನ್ನೇ ಕಳಕೊಂಡ ಮನುಷ್ಯ. ಅಂಥವರಿಗೇ ಕೇಳಬೇಕು ಅನ್ನಿಸಿತ್ತು. ಕೂತ ಮಕ್ಕಳನ್ನು ದಡ್ಡರು ಅನ್ನೋಕೆ ನನಗೆ ಬಾಯಿ ಬರಲ್ಲ.

ಡೊಂಬಿವಲಿ_ಅಪ್ಪ · ಭಾನುವಾರ ಸಂಜೆ 6:05

ಎಲ್ಲರಿಗೂ ತಡವಾಗಿ ಉತ್ತರಿಸುತ್ತಿದ್ದೇನೆ. ಒಂದೊಂದಾಗಿ ಹೇಳುತ್ತೇನೆ.

ಸ್ಪೆಲಿಂಗ್ ಕೇಳಿದೆ. ಅಪ್ಪನ ಆಧಾರ್, ರೇಷನ್ ಕಾರ್ಡ್, ಎಲ್ಲದರಲ್ಲೂ ಹೆಸರಿನ ಕೊನೆಗೆ ಎರಡು ಎ ಇದೆ. ಬಟ್ಟಲಲ್ಲಿ ಬಂದದ್ದು ಒಂದೇ ಎ. ಮಗಳ ಹಳೇ ಪ್ರಾಜೆಕ್ಟ್ ಪುಸ್ತಕದಲ್ಲಿ ವಂಶವೃಕ್ಷ ಬರೆದಿದ್ದಳು, ಅದರಲ್ಲೂ ಒಂದೇ ಎ. ಅವಳಿಗೇ ತೋರಿಸಿದೆ. ತುಂಬಾ ಹೊತ್ತು ನೋಡುತ್ತಾ ಕೂತಳು.

ಉಂಗುರದ್ದು ಅವಳೇ ಮಾಡಿ ನೋಡಿದಳು. ಸುತ್ತಿತು. ಅಮ್ಮನ ಕೈಯಲ್ಲೂ ಮಾಡಿಸಿದಳು. ಇವತ್ತು ಮಧ್ಯಾಹ್ನ ಅವಳಾಗಿಯೇ ಚೀಟಿ ಬರೆಯೋಣ ಅಂದಳು. ಆ ಇಬ್ಬರು ಹುಡುಗಿಯರೂ ಬಂದಿದ್ದರು, ಹಾಲ್‌ನಲ್ಲಿ, ಟಿವಿ ಪಕ್ಕ, ಕಿಟಕಿ ತೆರೆದು. ಬಟ್ಟಲು ಓಡಿತು! ಅದನ್ನು ನೋಡಿ ನನ್ನ ಎದೆಯೂ ಹೊಡೆದುಕೊಂಡಿತು. ಆರು ಚೀಟಿಯ ಹತ್ತಿರ ನಿಂತಿತು. ತಿರುಗಿಸಿದರೆ ಕ್ಯೂ, ಟಿ, ಎಲ್, ಎಕ್ಸ್, ಬಿ, ಎಲ್ಲೆಲ್ಲಿಯದೋ. ಮತ್ತೆ ಎರಡು ಸಲ ಮಾಡಿದರು. ಅದೇ ಕಥೆ.

ಹುಡುಗಿಯರಿಬ್ಬರು ನಗಲು ಶುರು ಮಾಡಿದರು. ನನ್ನ ಮಗಳು ಅತ್ತಳು. ‘ಹಾಗಾದರೆ ಅಜ್ಜ ಬಂದಿರಲೇ ಇಲ್ವಾ’ ಅಂತ.

ರಾತ್ರಿಪಾಳಿಯವರೇ, ನೀವು ಕೇಳಿದ ಪ್ರಶ್ನೆಗೆ ಅವತ್ತು ಉತ್ತರ ಕೊಡಲಿಲ್ಲ, ಕೊಡಲು ಆಗಲಿಲ್ಲ. ಮಾರ್ಚಿನಲ್ಲಿ ಅವಳಿಗೆ ಹತ್ತನೆಯ ಬೋರ್ಡ್ ಪರೀಕ್ಷೆ. ಅಪ್ಪ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ಓದು ಹಾಳಾಗುತ್ತದೆ ಅಂತ ನಾವು ಅವಳನ್ನು ಒಂದು ದಿನವೂ ಕರೆದುಕೊಂಡು ಹೋಗಲಿಲ್ಲ. ತೀರಿಕೊಂಡದ್ದನ್ನೂ ಕೊನೇ ಪೇಪರ್ ಮುಗಿಸಿ ಬಂದಮೇಲೆ ಹೇಳಿದೆವು. ಅವರು ಕೊನೆಕೊನೆಗೆ ಅವಳ ಹೆಸರು ಹಿಡಿದು ‘ಬರಲಿಲ್ವಾ’ ಅಂತ ಕೇಳುತ್ತಿದ್ದರು. ಇದನ್ನು ನನ್ನ ಹೆಂಡತಿ ಯಾರಿಗೋ ಫೋನಿನಲ್ಲಿ ಹೇಳಿದ್ದನ್ನು ಮಗಳು ಕೇಳಿಸಿಕೊಂಡಿದ್ದಳಂತೆ. ನನಗೆ ಗೊತ್ತಾದದ್ದು ಇವತ್ತು.

‘ಕಮ್’ ಎಲ್ಲಿಂದ ಬಂತು ಅಂತ ಇನ್ನು ಯಾರೂ ಹೇಳಬೇಕಿಲ್ಲ.

ನಾನೂ ಅವಳ ಎದುರು ಅತ್ತೆ. ತಪ್ಪಾಯಿತು ಮಗಾ ಅಂದೆ.

ಧಾರವಾಡದಾಕಿ · 6:12

ಓದಿ ಕಣ್ಣಾಗ ನೀರು ಬಂತ್ರಿ.

ಪ್ರತ್ಯಕ್ಷ_ಕಂಡವ · 6:30

ನನ್ನ ದೊಡ್ಡಮ್ಮನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ನಿಮ್ಮ ಮನೆಯದ್ದು ಬೇರೆ ಅಂತ ಒಪ್ಪುತ್ತೇನೆ. ಮಗು ಚೆನ್ನಾಗಿರಲಿ.

ಬೋರಿವಲಿ_ಅಕ್ಕ · 6:48

ಅಣ್ಣ, ಆಟಿ ಮುಗಿಯಲು ಇನ್ನೂ ದಿನ ಉಂಟು. ಅಜ್ಜನಿಗೆ ಒಂದು ಎಲೆ ಹಾಕಿ. ಈ ಸಲ ಬಡಿಸುವುದು ಮೊಮ್ಮಗಳೇ ಆಗಲಿ. ಏನು ಇಷ್ಟ ಇತ್ತು ಅವರಿಗೆ?

ಡೊಂಬಿವಲಿ_ಅಪ್ಪ · 7:20

ಪತ್ರೊಡೆ. ಕೆಸುವಿನ ಎಲೆ ಡೊಂಬಿವಲಿ ಮಾರ್ಕೆಟ್‌ನಲ್ಲಿ ಈಗ ಸಿಗುತ್ತದೆ. ಮುಂದಿನ ಭಾನುವಾರ ಅಂತ ಹೆಂಡತಿ ಹೇಳಿದ್ದಾಳೆ. ಕಲ್ಯಾಣದ ನಂಬರನ್ನು ಅವಳೇ ಫೋನಿನಿಂದ ತೆಗೆದಳು.

ಪುಣೆ_ಮೇಷ್ಟ್ರು · 7:45

ಮಗಳು ಚೀಟಿ ಪರೀಕ್ಷೆಯನ್ನು ಮೂರು ಸಲ ಮಾಡಿದ್ದಕ್ಕೆ ನನ್ನ ಮೆಚ್ಚುಗೆ ಹೇಳಿ. ಒಂದೇ ಸಲಕ್ಕೆ ನಿಲ್ಲಿಸಲಿಲ್ಲವಲ್ಲ.

ರಾತ್ರಿಪಾಳಿ · ಸೋಮವಾರ ಬೆಳಿಗ್ಗೆ 7:02

ಈಗಷ್ಟೇ ಡ್ಯೂಟಿ ಮುಗಿಸಿದೆ. ರಾತ್ರಿ ನಿದ್ದೆ ಮಾಡಿದಳಾ?

ಡೊಂಬಿವಲಿ_ಅಪ್ಪ · 7:30

ಹನ್ನೊಂದೂವರೆಗೆ ಮಲಗಿದಳು, ಈಗ ಏಳಿಸಿದೆ. ಲೈಟ್ ಹಾಕಿಯೇ ಇತ್ತು. ಇರಲಿ ಅಂತ ಬಿಟ್ಟಿದ್ದೇವೆ.